ಬೋ ಕ್ರೀಕಿನ ದಡದಲ್ಲಿ ಕಬ್ಬಿಣದ ಹಡಗುಗಳ ಜಾಡು

ಮೊದಲನೆಯ ದಿನ, ಶನಿವಾರ

ಕುಂದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ವರ್ಷವೂ ಮಕ್ಕಳು ನನ್ನನ್ನು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ಹೇಗೆ ತೇಲುತ್ತದೆ? ಉತ್ತರವನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಆದರೆ ಮರವನ್ನು ಬಿಟ್ಟು ಕಬ್ಬಿಣದಲ್ಲಿ ಹಡಗು ಕಟ್ಟಲು ಮೊದಲು ಧೈರ್ಯ ಮಾಡಿದವರು ಯಾರು, ಎಲ್ಲಿ ಕಟ್ಟಿದರು, ಹೇಗೆ ಕಟ್ಟಿದರು ಎಂಬುದು ನನಗೇ ಸರಿಯಾಗಿ ತಿಳಿದಿರಲಿಲ್ಲ. ನಿವೃತ್ತಿಯ ನಂತರ ಓದುತ್ತ ಹೋದಾಗ ಲಂಡನ್ನಿನ ಪೂರ್ವಭಾಗದ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು: ಥೇಮ್ಸ್ ಐರನ್‌ವರ್ಕ್ಸ್. ಅಕ್ಕನ ಮಗ ಈಸ್ಟ್ ಹ್ಯಾಮ್‌ನಲ್ಲಿ ಮನೆ ಮಾಡಿದ್ದಾನೆ. ಹೋದ ನವೆಂಬರಿನಲ್ಲಿ ಅವನಲ್ಲಿಗೆ ಹೋದಾಗ, ಅರಮನೆ, ಗಡಿಯಾರದ ಗೋಪುರಗಳನ್ನು ಆಮೇಲೆ ನೋಡೋಣ, ಮೊದಲು ಆ ಹಡಗುಕಟ್ಟೆ ಇದ್ದ ಜಾಗ ತೋರಿಸು ಎಂದೆ.

"ಚಿಕ್ಕಮ್ಮ, ನಾನು ದಿನಾ ರೈಲು ಬದಲಿಸುವ ನಿಲ್ದಾಣವೇ ಅದು" ಎಂದು ಅವನು ಬೆರಗಾದ. ನಿಜ, ಆ ಕಾರ್ಖಾನೆಯ ನೆಲದ ಮೇಲೆಯೇ ಇಂದಿನ ಕ್ಯಾನಿಂಗ್ ಟೌನ್ ನಿಲ್ದಾಣ ನಿಂತಿದೆ. ಅಲ್ಲಿನ ಕಾಂಕ್ರೀಟ್ ಗೋಡೆಯೊಂದರ ಮೇಲೆ ರಿಚರ್ಡ್ ಕಿಂಡರ್ಸ್ಲಿ ಎಂಬ ಅಕ್ಷರಶಿಲ್ಪಿ ಕಾರ್ಖಾನೆಯ ಕಥೆಯನ್ನು ದೊಡ್ಡ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಶನಿವಾರ ಬೆಳಿಗ್ಗೆಯ ಜನಸಂದಣಿ ಆ ಗೋಡೆಯ ಮುಂದೆ ಹರಿದುಹೋಗುತ್ತಿತ್ತು. ನಿಂತು ಓದುತ್ತಿದ್ದ ನಮ್ಮನ್ನು ಕಂಡು, ಕಡುಗೆಂಪು ಮತ್ತು ತಿಳಿನೀಲಿ ಪಟ್ಟೆಯ ಮಫ್ಲರ್ ಸುತ್ತಿಕೊಂಡಿದ್ದ ವೃದ್ಧರೊಬ್ಬರು ತಾವೂ ನಿಂತರು. ತಮ್ಮ ಅಜ್ಜನ ತಂದೆ ಇಲ್ಲಿಯೇ ರಿವೆಟ್, ಅಂದರೆ ಕಬ್ಬಿಣದ ಫಲಕಗಳನ್ನು ಬೆಸೆಯುವ ದಪ್ಪ ಮೊಳೆ, ಕಾಯಿಸುವ ಹುಡುಗನಾಗಿ ಕೆಲಸಕ್ಕೆ ಸೇರಿದ್ದರೆಂದು ಹೇಳಿ, ಮಫ್ಲರಿನ ಮೇಲಿದ್ದ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಗಳ ಚಿಹ್ನೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಅವು ರಿವೆಟ್ ಬಡಿಯುವ ಸುತ್ತಿಗೆಗಳು. 1895ರಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿ ಹುಟ್ಟಿದ ಫುಟ್‌ಬಾಲ್ ತಂಡವೇ 1900ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಇಂದಿಗೂ ಅದರ ಅಭಿಮಾನಿಗಳು ಮೈದಾನದಲ್ಲಿ "ಐರನ್ಸ್" ಎಂದು ಕೂಗಿ ತಂಡವನ್ನು ಹುರಿದುಂಬಿಸುತ್ತಾರೆ. "ಕಾರ್ಖಾನೆ ಹೋಗಿ ನೂರು ವರ್ಷ ದಾಟಿತು, ಕೂಗು ಉಳಿದಿದೆ" ಎಂದ ಅವರು ರೈಲು ಬಂದ ಸದ್ದಿಗೆ ಅವಸರದಿಂದ ಮೆಟ್ಟಿಲಿಳಿದರು.

ನಿಲ್ದಾಣದ ಹಿಂದೆ ಕೆಂಪು ಬಣ್ಣದ ಕಾಲುಸೇತುವೆಯೊಂದಿದೆ. ಅದರ ಕೆಳಗೆ ಹರಿಯುವುದೇ ಬೋ ಕ್ರೀಕ್, ಅಂದರೆ ಲೀ ನದಿ ಥೇಮ್ಸನ್ನು ಸೇರುವ ಮೊದಲಿನ ಅಂಕುಡೊಂಕಾದ ಅಳಿವೆ. ಐದು ಹೊಳೆಗಳು ಕೂಡುವ ಗಂಗೊಳ್ಳಿಯ ಅಳಿವೆಯನ್ನು ನೋಡಿ ಬೆಳೆದವಳಿಗೆ ಇದು ಇಕ್ಕಟ್ಟಾದ ಕಾಲುವೆಯಂತೆ ಕಂಡಿತು. ಇಷ್ಟು ಸಣ್ಣ ನೀರಿನಲ್ಲಿ ಅಷ್ಟು ದೊಡ್ಡ ಹಡಗುಗಳು ಹೇಗೆ ಇಳಿದವು ಎಂಬ ಸಂಶಯ ಟ್ರಿನಿಟಿ ಬಾಯ್ ವಾರ್ಫ್ ತಲುಪುವವರೆಗೂ ನನ್ನನ್ನು ಬಿಡಲಿಲ್ಲ. ಕ್ರೀಕು ನದಿಯನ್ನು ಕೂಡುವ ಮೂಲೆಯಲ್ಲಿರುವ ಈ ಹಳೆಯ ಕಟ್ಟೆಯಲ್ಲಿ ಒಂದು ದೀಪಸ್ತಂಭವಿದೆ; ಮೈಕೆಲ್ ಫ್ಯಾರಡೆ ಸಮುದ್ರದೀಪಗಳ ಪ್ರಯೋಗಗಳನ್ನು ನಡೆಸಿದ್ದು ಇದೇ ಕಟ್ಟೆಯಲ್ಲಿ. ಸ್ತಂಭವನ್ನು ಹತ್ತಿ ನೋಡುವ ಆಸೆ ಇರುವವರು ವಾರಾಂತ್ಯದಲ್ಲಿ ಬರುವುದು ಒಳ್ಳೆಯದು. ಅಲ್ಲಿಂದ ಕ್ರೀಕಿನ ಆಚೆ ದಡ ಚೆನ್ನಾಗಿ ಕಾಣುತ್ತದೆ. ಅದೇ ಥೇಮ್ಸ್ ಐರನ್‌ವರ್ಕ್ಸ್‌ನ ಮುಖ್ಯ ಅಂಗಳವಾಗಿತ್ತು.

ಇದರ ಮೂಲ 1837ರದು. ಥಾಮಸ್ ಡಿಚ್‌ಬರ್ನ್ ಮರದ ಹಡಗು ಕಟ್ಟುವ ಕುಶಲಕರ್ಮಿ, ಚಾರ್ಲ್ಸ್ ಮೇರ್ ಎಂಜಿನಿಯರ್. ಇಬ್ಬರೂ ಕೂಡಿ ಡೆಟ್‌ಫರ್ಡ್‌ನಲ್ಲಿ ಆರಂಭಿಸಿದ ಕಟ್ಟೆ ಬೆಂಕಿಗೆ ಆಹುತಿಯಾದ ಮೇಲೆ 1838ರಲ್ಲಿ ಇಲ್ಲಿನ ಆರ್ಚರ್ಡ್ ಹೌಸ್ ಅಂಗಳಕ್ಕೆ ಬಂದರು. ಡಿಚ್‌ಬರ್ನ್ ನಿವೃತ್ತರಾದ ನಂತರ ಮೇರ್ ಕ್ರೀಕಿನ ಆಚೆಗಿದ್ದ ಜೌಗುನೆಲವನ್ನು ಕೊಂಡು ಕಾರ್ಖಾನೆಯನ್ನು ವಿಸ್ತರಿಸಿದರು. 1853ರಲ್ಲಿ ಇಲ್ಲಿ ನೀರಿಗಿಳಿದ ಪಿ ಆಂಡ್ ಒ ಹಡಗು ಕಂಪನಿಯ "ಹಿಮಾಲಯ" ಆ ಕಾಲದ ಅತಿದೊಡ್ಡ ಪ್ರಯಾಣಿಕ ಹಡಗುಗಳಲ್ಲೊಂದು. ಆದರೆ ಕೆಲವೇ ವರ್ಷಗಳಲ್ಲಿ ಮೇರ್ ದಿವಾಳಿಯಾದರು; ಅವರ ಮಾವ, ಮರದ ವ್ಯಾಪಾರಿ ಪೀಟರ್ ರೋಲ್ಟ್ ಕಾರ್ಖಾನೆಯನ್ನು ವಹಿಸಿಕೊಂಡು 1857ರಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಎಂಬ ಹೆಸರಿನ ಕಂಪನಿಯಾಗಿಸಿದರು. ಕಬ್ಬಿಣದ ಹಡಗುಕಟ್ಟೆಯನ್ನು ಕಡೆಗೆ ಉಳಿಸಿದ್ದು ಮರದ ವ್ಯಾಪಾರದ ಹಣವೆಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತು.

ಗಾಳಿ ಎಷ್ಟು ತಣ್ಣಗಿತ್ತೆಂದರೆ ಕೈಯಲ್ಲಿದ್ದ ಚಹಾ ಅರ್ಧ ಕುಡಿಯುವಷ್ಟರಲ್ಲಿ ಆರಿತು. ಆ ಚಳಿಯಲ್ಲಿ ನಿಂತು ನಾನು ಅಕ್ಕನ ಮಗನಿಗೆ ಇಲ್ಲಿನ ಕೆಲಸದ ಬಗೆಯನ್ನು ಹೇಳಿದೆ. ಮೊದಲು ದೊಡ್ಡ ಅಟ್ಟದ ನೆಲದ ಮೇಲೆ ಹಡಗಿನ ಗೆರೆಗಳನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದರು. ಆ ಗೆರೆಗಳಿಗೆ ಸರಿಯಾಗಿ, ತೂತುಗಳಿರುವ ಕಬ್ಬಿಣದ ನೆಲಹಾಸಿನಲ್ಲಿ ಗೂಟಗಳನ್ನು ನೆಟ್ಟು, ಕುಲುಮೆಯಿಂದ ಕೆಂಪಗೆ ಹೊರಬಂದ ಪಟ್ಟಿಯನ್ನು ಗೂಟಗಳಿಗೆ ಒತ್ತಿ ಬಾಗಿಸಿದರೆ ಹಡಗಿನ ಒಂದು ಪಕ್ಕೆಲುಬು ಸಿದ್ಧ. ಪಕ್ಕೆಲುಬುಗಳ ಮೇಲೆ ಫಲಕಗಳನ್ನು ಹೊದಿಸಿ ರಿವೆಟ್ ಹೊಡೆಯುವುದು ಒಬ್ಬಿಬ್ಬರ ಕೆಲಸವಲ್ಲ. ಹುಡುಗನೊಬ್ಬ ರಿವೆಟನ್ನು ಕಾಯಿಸಿ ಕೊಡಬೇಕು, ಇನ್ನೊಬ್ಬ ಅದನ್ನು ತೂತಿಗೆ ತೂರಿಸಬೇಕು, ಒಳಗಿನಿಂದ ಒಬ್ಬ ಭಾರವಾದ ಗುಂಡನ್ನು ಒತ್ತಿ ಹಿಡಿಯಬೇಕು, ಹೊರಗಿನಿಂದ ಇಬ್ಬರು ಅದು ಆರುವ ಮುನ್ನ ಬಡಿದು ತಲೆ ಕಟ್ಟಬೇಕು. ಆರುತ್ತ ಕುಗ್ಗುವ ರಿವೆಟ್ ಎರಡು ಫಲಕಗಳನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ತರಗತಿಯಲ್ಲಿ ಉಷ್ಣ ವಿಕಾಸದ ಪಾಠ ಮಾಡುವಾಗ ಈ ಉದಾಹರಣೆ ನನಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಈ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುತ್ತಿದ್ದುದು ಸಾಮಾನ್ಯವಾಗಿತ್ತು.

ಹಿಂತಿರುಗುವಾಗ ಈಸ್ಟ್ ಇಂಡಿಯಾ ನಿಲ್ದಾಣದ ಕಡೆಗೆ ನಡೆದೆವು. ನಮ್ಮ ನಾಡಿನ ಸಂಬಾರ ಪದಾರ್ಥಗಳನ್ನು ಇಳಿಸುತ್ತಿದ್ದ ಈಸ್ಟ್ ಇಂಡಿಯಾ ಡಾಕ್ ಇದ್ದ ಜಾಗವದು. ಈಗಿನ ಬೀದಿಗಳ ಹೆಸರುಗಳು ಲವಂಗ, ಜಾಯಿಕಾಯಿ, ಕೊತ್ತಂಬರಿ, ಕೇಸರಿ. ಗಾಜಿನ ಕಟ್ಟಡಗಳ ನಡುವೆ ಆ ಫಲಕಗಳನ್ನು ಓದುತ್ತ ನಡೆದಾಗ ಹಸಿವು ಹೆಚ್ಚಾಯಿತು.

ಎರಡನೆಯ ದಿನ, ಭಾನುವಾರ

ಈ ದಿನ ನೋಡಬೇಕಿದ್ದುದು ಥೇಮ್ಸ್ ದಡದ ಮಿಲ್ವಾಲ್‌ನಲ್ಲಿ ಉಳಿದಿರುವ, "ಗ್ರೇಟ್ ಈಸ್ಟರ್ನ್" ಎಂಬ ಹಡಗನ್ನು ನೀರಿಗೆ ಜಾರಿಸಿದ ಹಾದಿಯ ತೊಲೆಗಳು. ಹಳಿ ದುರಸ್ತಿಯಿಂದಾಗಿ ನಾವು ಹತ್ತಬೇಕಿದ್ದ ರೈಲು ಓಡುತ್ತಿರಲಿಲ್ಲ. ಬಸ್ಸುಗಳನ್ನು ಬದಲಿಸುತ್ತ ನದಿದಡ ತಲುಪಿದಾಗ ಹತ್ತೂವರೆ. ಕರಾವಳಿಯವಳಾಗಿಯೂ ನಾನು ಹೊರಡುವ ಮೊದಲು ಭರತ-ಇಳಿತದ ವೇಳೆ ನೋಡಿರಲಿಲ್ಲ. ನಮ್ಮ ಕಡಲಿನಲ್ಲಿ ಅವೆರಡರ ನಡುವಿನ ಅಂತರ ಆಳೆತ್ತರವನ್ನು ಹೆಚ್ಚಾಗಿ ಮೀರುವುದಿಲ್ಲ. ಥೇಮ್ಸ್‌ನಲ್ಲಿ ಅದು ಆರು ಮೀಟರ್ ದಾಟುವುದುಂಟು. ನಾವು ನೋಡಬಂದ ತೊಲೆಗಳಲ್ಲಿ ಹೆಚ್ಚಿನವು ಪೂರ್ಣ ಭರತದ ಕಂದು ನೀರಿನಡಿಯಲ್ಲಿದ್ದವು. ದಡದ ಮೇಲೆ ಉಳಿಸಿಟ್ಟಿರುವ ಕೆಲವನ್ನಷ್ಟೇ ನೋಡಿ, ನೀರಿಳಿದ ಮೇಲೆ ಮತ್ತೆ ಬರಲು ನಿಶ್ಚಯಿಸಿದೆವು. ಇಲ್ಲಿಗೆ ಬರುವವರು ಇಳಿತದ ವೇಳೆಯನ್ನು ನೋಡಿಕೊಂಡೇ ಮನೆ ಬಿಡಬೇಕು.

ಕಾಯುವ ಹೊತ್ತನ್ನು ಗ್ರಿನಿಚ್‌ನಲ್ಲಿ ಕಳೆಯಲು ನದಿಯಡಿಯ ಕಾಲುಸುರಂಗದಲ್ಲಿ ನಡೆದು ಆಚೆಗೆ ಹೋದೆವು. 1902ರಲ್ಲಿ ತೆರೆದ ಈ ಸುರಂಗಕ್ಕೂ ಎರಕದ ಕಬ್ಬಿಣದ ಬಳೆಗಳೇ ಆಧಾರ. ಮೇಲೆ ಬಿಳಿ ಹೆಂಚಿನ ಹೊದಿಕೆ. ಗ್ರಿನಿಚ್ ಗುಡ್ಡದ ವೀಕ್ಷಣಾಲಯಕ್ಕೂ ಕಬ್ಬಿಣದ ಹಡಗಿಗೂ ಇರುವ ನಂಟು ನನಗೆ ಬಹಳ ಪ್ರಿಯವಾದ ಸಂಗತಿ. ಕಬ್ಬಿಣದ ಒಡಲು ದಿಕ್ಸೂಚಿಯ ಮುಳ್ಳನ್ನು ತನ್ನತ್ತ ಸೆಳೆಯುತ್ತದೆ. ಕಡಲಿನ ನಡುವೆ ದಿಕ್ಕು ತಪ್ಪುವ ಹಡಗನ್ನು ಯಾರು ಹತ್ತುತ್ತಾರೆ? 1838ರಲ್ಲಿ ಇಲ್ಲಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ಸಮೀಪದ ಡೆಟ್‌ಫರ್ಡ್‌ನಲ್ಲಿ "ರೇನ್‌ಬೋ" ಎಂಬ ಕಬ್ಬಿಣದ ಹಡಗನ್ನು ಸುತ್ತ ತಿರುಗಿಸಿ ಮುಳ್ಳಿನ ತಪ್ಪನ್ನು ಅಳೆದು, ದಿಕ್ಸೂಚಿಯ ಬಳಿ ಅಯಸ್ಕಾಂತಗಳನ್ನೂ ಕಬ್ಬಿಣದ ತುಂಡುಗಳನ್ನೂ ಇಟ್ಟು ಅದನ್ನು ಸರಿಪಡಿಸುವ ಉಪಾಯವನ್ನು ಕೊಟ್ಟರು. ಈ ಲೆಕ್ಕಾಚಾರವಿಲ್ಲದೆ ಬೋ ಕ್ರೀಕಿನ ಸುತ್ತಿಗೆಗಳಿಗೆ ಅಷ್ಟು ಕೆಲಸ ಸಿಗುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಮೂರೂವರೆಗೆ ಮತ್ತೆ ಮಿಲ್ವಾಲ್‌ಗೆ ಬಂದೆವು. ನೀರು ಹಿಂದೆ ಸರಿದು ಕೆಸರಿನಲ್ಲಿ ಕಪ್ಪು ತೊಲೆಗಳ ಸಾಲು ಎದ್ದು ಕಂಡಿತು. ಜಗತ್ತಿನ ಅತಿದೊಡ್ಡ ಹಡಗೆಂದು ಹೆಸರಾದ "ಗ್ರೇಟ್ ಈಸ್ಟರ್ನ್" ನೀರಿಗೆ ಜಾರಿದ ಹಾದಿ ಅದು. ಮ್ಯಾಂಚೆಸ್ಟರಿನ ವಿಲಿಯಂ ಫೇರ್‌ಬರ್ನ್ 1835ರ ಸುಮಾರಿಗೆ ಇಲ್ಲಿ ತೆರೆದ ಕಟ್ಟೆ ಕಬ್ಬಿಣದ ಹಡಗಿಗೆಂದೇ ಹುಟ್ಟಿದ ಮೊದಮೊದಲ ಕಟ್ಟೆಗಳಲ್ಲೊಂದು. ನೂರಕ್ಕೂ ಹೆಚ್ಚು ಹಡಗು ಕಟ್ಟಿಯೂ ಅವರು ಭಾರಿ ನಷ್ಟದಿಂದ ಅದನ್ನು ಬಿಟ್ಟುಕೊಟ್ಟರು. ನಂತರ ಅದು ಜಾನ್ ಸ್ಕಾಟ್ ರಸೆಲ್ ಅವರ ಕೈಸೇರಿತು. ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್ ಕಲ್ಪಿಸಿದ 692 ಅಡಿ ಉದ್ದದ ಹಡಗಿನ ಕೆಲಸ 1854ರಲ್ಲಿ ಇಲ್ಲಿ ಆರಂಭವಾಯಿತು. ಮರದ ಹಡಗು ಒಂದು ಮಿತಿಗಿಂತ ಉದ್ದವಾದರೆ ಅಲೆಗಳ ಮೇಲೆ ಅದರ ನಡು ಬಾಗುತ್ತದೆ, ಕೀಲುಗಳು ಸಡಿಲವಾಗುತ್ತವೆ. ಆ ಮಿತಿಯನ್ನು ಮುರಿಯಲು ಕಬ್ಬಿಣವೇ ಬೇಕಿತ್ತು. ದಾರಿಯಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳದೆ ಪೂರ್ವದೇಶಗಳನ್ನು ತಲುಪಬೇಕೆಂಬುದು ಆ ಹಡಗಿನ ಉದ್ದೇಶವಾಗಿತ್ತು.

ನದಿಯ ಅಗಲ ಸಾಲದೆ ಅದನ್ನು ಪಕ್ಕಕ್ಕೆ ಜಾರಿಸಬೇಕಾಯಿತು. 1857ರ ನವೆಂಬರ್ 3ರಂದು ನಡೆದ ಮೊದಲ ಪ್ರಯತ್ನದಲ್ಲಿ ಹಡಗು ತುಸುವೇ ಕದಲಿ ನಿಂತುಬಿಟ್ಟಿತು. ಸರಪಳಿಯ ರಾಟೆ ಹಿಮ್ಮುಖವಾಗಿ ತಿರುಗಿ ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡ. ಆಮೇಲೆ ನೀರಿನೊತ್ತಡದ ಯಂತ್ರಗಳಿಂದ ಇಂಚಿಂಚಾಗಿ ತಳ್ಳಿದರು. ಅದು ತೇಲಿದ್ದು 1858ರ ಜನವರಿ 31ರಂದು, ದೊಡ್ಡ ಭರತದ ನೀರಿನಲ್ಲಿ. ಅದರ ಒಡಲಿನಲ್ಲಿದ್ದ ರಿವೆಟ್‌ಗಳು ಸುಮಾರು 30 ಲಕ್ಷ. ಪ್ರಯಾಣಿಕರ ಹಡಗಾಗಿ ಗೆಲ್ಲಲಾರದ ಗ್ರೇಟ್ ಈಸ್ಟರ್ನ್ ಅಟ್ಲಾಂಟಿಕ್ ಸಾಗರದ ತಂತಿಯನ್ನು ಹಾಸಿ ಹೆಸರು ಗಳಿಸಿತು. 1870ರಲ್ಲಿ ಮುಂಬಯಿಯಿಂದ ಏಡನ್‌ಗೆ ತಂತಿ ಹಾಸಿದ್ದೂ ಅದೇ. ಅಂದರೆ ಈ ಕೆಸರಿನಿಂದ ಹೊರಟ ಕಬ್ಬಿಣ ನಮ್ಮ ಅರಬ್ಬೀ ಸಮುದ್ರಕ್ಕೂ ಬಂದಿತ್ತು.

ನಾಲ್ಕೂವರೆಗೆಲ್ಲ ಕತ್ತಲು ಕವಿಯಿತು. ನಾಯಿಯನ್ನು ಅಡ್ಡಾಡಿಸಲು ಬಂದಿದ್ದ ಮಹಿಳೆಯೊಬ್ಬರು, ಇಲ್ಲಿ ಎಂಟು ವರ್ಷದಿಂದ ವಾಸವಿದ್ದರೂ ಈ ತೊಲೆಗಳು ಹಳೆಯ ದೋಣಿಕಟ್ಟೆಯವೆಂದೇ ತಿಳಿದಿದ್ದೆ ಎಂದರು. ನಾನು ಹೇಳಿದ್ದನ್ನು ಕೇಳಿ ಅವರು ಬೇಲಿಗೊರಗಿ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು.

ಮೂರನೆಯ ದಿನ, ಸೋಮವಾರ

ಬೆಳಗಿನಿಂದ ಬಿಡದ ಮಳೆ. ನಮ್ಮ ಆಷಾಢದಂತೆ ಸುರಿಯುವುದಲ್ಲ, ಸೂಜಿಯಂತೆ ಚುಚ್ಚುವ ಸಣ್ಣ ಹನಿ. ಅಕ್ಕನ ಮಗ ಕೆಲಸಕ್ಕೆ ಹೋಗಿದ್ದರಿಂದ ಒಬ್ಬಳೇ ಪ್ಲೇಸ್ಟೊವಿನ ಈಸ್ಟ್ ಲಂಡನ್ ಸ್ಮಶಾನಕ್ಕೆ ಹೋದೆ. ಗಾಳಿಗೆ ಕೊಡೆ ಮಡಚಿ ಕಡ್ಡಿ ಮುರಿಯಿತು. ಕಾವಲಿನವರು ತಮ್ಮದೊಂದನ್ನು ಕೊಟ್ಟು, ಲಂಗರಿನ ಆಕಾರದ ಸ್ಮಾರಕದವರೆಗೆ ಜತೆಗೆ ಬಂದರು.

1898ರ ಜೂನ್ 21ರಂದು ಥೇಮ್ಸ್ ಐರನ್‌ವರ್ಕ್ಸ್‌ನಲ್ಲಿ "ಆಲ್ಬಿಯನ್" ಯುದ್ಧನೌಕೆಯನ್ನು ನೀರಿಗಿಳಿಸುವ ಸಮಾರಂಭವಿತ್ತು. ಯಾರ್ಕ್‌ನ ಡಚೆಸ್ ಬಂದಿದ್ದರು. ಸಾವಿರಾರು ಜನ ಸೇರಿದ್ದರು. ಕೆಲಸಗಾರರ ಹೆಂಡಿರು ಮಕ್ಕಳು ಹೊಸ ಬಟ್ಟೆ ತೊಟ್ಟು ಬಂದಿದ್ದರು. ಹಡಗು ಜಾರಿದಾಗ ಎದ್ದ ಅಲೆ, ಜನ ಕಿಕ್ಕಿರಿದು ನಿಂತಿದ್ದ ಮರದ ಕಾಲುಸೇತುವೆಯೊಂದನ್ನು ಮುರಿದು ನೂರಾರು ಮಂದಿಯನ್ನು ಕ್ರೀಕಿಗೆ ಎಳೆದುಕೊಂಡಿತು. ಜಯಘೋಷದ ನಡುವೆ ಅವರ ಕೂಗು ಹಲವರಿಗೆ ಕೇಳಿಸಲೇ ಇಲ್ಲ. ಸತ್ತವರು 30ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಕ್ರೀಕು ಕಾಲುವೆಯಂತೆ ಕಂಡಿತೆಂದು ಮೊದಲ ದಿನ ನಾನು ಅಂದುಕೊಂಡ ಮಾತು ನೆನಪಾಗಿ ಮನಸ್ಸು ಭಾರವಾಯಿತು. ಇಕ್ಕಟ್ಟಾಗಿದ್ದುದರಿಂದಲೇ ಆ ಅಲೆ ಅಷ್ಟು ಎತ್ತರಕ್ಕೆ ಏರಿತ್ತು.

ಸಂಜೆ ಈಸ್ಟ್ ಹ್ಯಾಮ್ ಹೈ ಸ್ಟ್ರೀಟಿನ ದೋಸೆ ಹೋಟೆಲಿನಲ್ಲಿ ಬಿಸಿ ಸಾಂಬಾರು ಹೀರಿದ ಮೇಲೆ ಜೀವ ಬಂದಂತಾಯಿತು. ಅಲ್ಲಿ ಅಕ್ಕನ ಮಗನಿಗೆ ಆರ್ನಲ್ಡ್ ಹಿಲ್ಸ್ ಅವರ ಕಥೆ ಹೇಳಿದೆ. ಕಾರ್ಖಾನೆಯ ಕೊನೆಯ ದಶಕಗಳ ಒಡೆಯ ಅವರು. ಫುಟ್‌ಬಾಲ್ ತಂಡ ಕಟ್ಟಿದವರು ಮಾತ್ರವಲ್ಲ, 1890ರ ದಶಕದಲ್ಲಿಯೇ ಕೆಲಸಗಾರರಿಗೆ ಎಂಟು ಗಂಟೆಯ ದಿನವನ್ನೂ ಲಾಭದಲ್ಲಿ ಪಾಲನ್ನೂ ಕೊಟ್ಟವರು. ಕಟ್ಟಾ ಸಸ್ಯಾಹಾರಿ. ಲಂಡನ್ ಸಸ್ಯಾಹಾರಿ ಸಂಘಕ್ಕೆ ಅವರು ಅಧ್ಯಕ್ಷರಾಗಿದ್ದಾಗ ಅದರ ಕಾರ್ಯಕಾರಿ ಸಮಿತಿಯಲ್ಲಿದ್ದ ಸಂಕೋಚದ ತರುಣ ವಿದ್ಯಾರ್ಥಿ ಮೋಹನದಾಸ ಗಾಂಧಿ. ಸಂತಾನ ನಿಯಂತ್ರಣವನ್ನು ಪ್ರತಿಪಾದಿಸಿದ ವೈದ್ಯ ಆಲಿನ್ಸನ್ ಅವರನ್ನು ಸಂಘದಿಂದ ತೆಗೆಯಬೇಕೆಂದು ಹಿಲ್ಸ್ ಹಟ ಹಿಡಿದರು. ಸಂಘ ನಡೆಯುತ್ತಿದ್ದುದೇ ಹಿಲ್ಸ್ ಅವರ ಹಣದಿಂದ. ಗಾಂಧಿಯವರಿಗೆ ವೈದ್ಯರ ಅಭಿಪ್ರಾಯ ಒಪ್ಪಿಗೆಯಿರಲಿಲ್ಲ. ಆದರೆ ಆ ಕಾರಣಕ್ಕೆ ಸಸ್ಯಾಹಾರಿಯೊಬ್ಬನನ್ನು ಹೊರಹಾಕುವುದು ತಪ್ಪೆಂದು ಬರೆದುಕೊಂಡು ಹೋದರು. ಸಭೆಯಲ್ಲಿ ಎದ್ದು ಓದಲು ಧೈರ್ಯ ಸಾಲದೆ ಆ ಬರಹವನ್ನು ಬೇರೊಬ್ಬರು ಓದಬೇಕಾಯಿತು. ಅವರು ಸೋತ ಪಕ್ಷದಲ್ಲಿದ್ದರು. ತಮ್ಮ ಆತ್ಮಕಥೆಯಲ್ಲಿ ಇದನ್ನು ನೆನೆಯುವಾಗ ಹಿಲ್ಸ್ ಅವರ ಬಗ್ಗೆ ಅವರಿಗಿದ್ದುದು ಗೌರವವೇ.

"ಯುದ್ಧನೌಕೆ ಕಟ್ಟುವವರು ಸಸ್ಯಾಹಾರಿ ಸಂಘದ ಅಧ್ಯಕ್ಷರೇ?" ಎಂದು ಅವನು ತಟ್ಟೆಯಿಂದ ತಲೆಯೆತ್ತಿದ. ನನಗೂ ಇದು ಬಿಡಿಸಲಾಗದ ಒಗಟು.

ಆದರೆ ಅಂಥ ಒಡೆಯರಿಗೂ ಥೇಮ್ಸಿನ ಹಡಗುದ್ಯಮವನ್ನು ಉಳಿಸಲಾಗಲಿಲ್ಲ. ಕಲ್ಲಿದ್ದಲು ಮತ್ತು ಕಬ್ಬಿಣ ಎರಡೂ ಉತ್ತರದಿಂದ ಬರಬೇಕಿತ್ತು, ಲಂಡನ್ನಿನ ಕೂಲಿಯೂ ಹೆಚ್ಚು. ಸ್ಕಾಟ್‌ಲೆಂಡಿನ ಕ್ಲೈಡ್ ನದಿದಡದ ಹಡಗುಕಟ್ಟೆಯವರಿಗೆ ಅವೆಲ್ಲ ಅಂಗಳದಲ್ಲೇ ಸಿಗುತ್ತಿದ್ದವು. 1866ರ ಬ್ಯಾಂಕ್ ಕುಸಿತದಲ್ಲಿ ಥೇಮ್ಸ್ ದಡದ ಹಲವು ಕಟ್ಟೆಗಳು ಮುಚ್ಚಿದವು. ಇದೊಂದು ಉಳಿದು, 1911ರಲ್ಲಿ "ಥಂಡರರ್" ಎಂಬ ಭಾರಿ ಯುದ್ಧನೌಕೆಯನ್ನು ನೀರಿಗಿಳಿಸಿ, 1912ರ ಕೊನೆಗೆ ಬಾಗಿಲು ಮುಚ್ಚಿತು.

ನಾಲ್ಕನೆಯ ದಿನ, ಮಂಗಳವಾರ

ವಾಟರ್ಲೂದಿಂದ ಪೋರ್ಟ್ಸ್‌ಮತ್ ಹಾರ್ಬರ್‌ಗೆ ಎರಡು ಗಂಟೆಯೊಳಗಿನ ಪ್ರಯಾಣ. ಥೇಮ್ಸ್ ಐರನ್‌ವರ್ಕ್ಸ್ ಕಟ್ಟಿದ "ವಾರಿಯರ್" ಯುದ್ಧನೌಕೆ ಈಗ ಇರುವುದು ಅಲ್ಲಿ. ಚಳಿಗಾಲದಲ್ಲಿ ಅದರ ವೀಕ್ಷಣೆ ಬೇಗ ಮುಗಿಯುವುದರಿಂದ ಬೆಳಗಿನ ರೈಲನ್ನೇ ಹಿಡಿಯಬೇಕು. ನಿಲ್ದಾಣದಿಂದ ಹೊರಬರುತ್ತಿದ್ದಂತೆ ನೀರಿನ ಮೇಲೆ ಉದ್ದನೆಯ ಕಪ್ಪು ಒಡಲು, ಮೂರು ಪಟಸ್ತಂಭ, ಎರಡು ಹೊಗೆಕೊಳವೆ. ಅದೇ "ವಾರಿಯರ್". ಬೋ ಕ್ರೀಕಿನಲ್ಲಿ ಹುಟ್ಟಿದ್ದನ್ನು ನೋಡಲು ಮೂರು ದಿನ ಕೆಸರು, ಗೋಡೆ, ಸಮಾಧಿಗಳ ನಡುವೆ ಅಲೆದವಳಿಗೆ ಅದು ಇಡಿಯಾಗಿ ಎದುರಿಗೆ ನಿಂತಾಗ ಮಾತು ಹೊರಡಲಿಲ್ಲ.

ಫ್ರಾನ್ಸ್ ಮರದ ಒಡಲಿಗೆ ಕಬ್ಬಿಣದ ಕವಚ ತೊಡಿಸಿ "ಗ್ಲುವಾರ್" ಎಂಬ ನೌಕೆಯನ್ನು ಕಟ್ಟತೊಡಗಿದಾಗ, ಬ್ರಿಟನ್ ಒಡಲನ್ನೂ ಕಬ್ಬಿಣದಲ್ಲೇ ಮಾಡಿ ಉತ್ತರ ಕೊಡಲು ನಿರ್ಧರಿಸಿತು. 1859ರ ಮೇ ತಿಂಗಳಲ್ಲಿ ಆರಂಭವಾದ ಕೆಲಸಕ್ಕೆ ನೌಕಾ ಇಲಾಖೆ ಮೇಲಿಂದ ಮೇಲೆ ಬದಲಾವಣೆ ಸೂಚಿಸಿತು. ಕಂಪನಿ ದಿವಾಳಿಯ ಅಂಚಿಗೆ ಬಂದು, 50,000 ಪೌಂಡ್ ಹೆಚ್ಚಿನ ನೆರವು ಪಡೆದು ಬದುಕಿತು. 1860ರ ಡಿಸೆಂಬರ್ 29ರಂದು ನೀರಿಗಿಳಿಸಲು ಹೊರಟಾಗ ಐವತ್ತು ವರ್ಷಗಳಲ್ಲೇ ಕಾಣದ ಚಳಿ; ಹಡಗು ಜಾರುಹಾದಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಎಳೆಯುವ ದೋಣಿಗಳೂ ತಳ್ಳುವ ಯಂತ್ರಗಳೂ ಸಾಲದೆ, ಕೆಲಸಗಾರರು ಮೇಲಟ್ಟದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಒಟ್ಟಾಗಿ ಓಡಿ ಓಡಿ ಹಡಗನ್ನು ಅಲುಗಾಡಿಸಿ ಬಿಡಿಸಿದರು. ಆ ಅಟ್ಟದ ಮೇಲೆ ನಿಂತು ನಾನು ಅಡ್ಡಗಲವನ್ನು ಹೆಜ್ಜೆಯಲ್ಲಿ ಅಳೆದೆ. ಹಡಗಿನ ಉದ್ದ 420 ಅಡಿ, ಅಗಲ 58. ಜಾರುವ ಹಲಗೆಯ ಮೇಲೆ, ಆ ಚಳಿಯಲ್ಲಿ, ಎಷ್ಟು ಸಲ ಓಡಿರಬಹುದು!

ಕೆಳಗಿನ ಫಿರಂಗಿ ಅಟ್ಟದಲ್ಲಿ ಸ್ವಯಂಸೇವಕರಾದ ನಿವೃತ್ತ ನಾವಿಕರೊಬ್ಬರು ಸಿಕ್ಕರು. ಫಿರಂಗಿಗಳ ನಡುನಡುವೆ ಊಟದ ಮೇಜು; ನಾವಿಕರು ಅಲ್ಲೇ ಉಂಡು ಅಲ್ಲೇ ತೂಗುಮಂಚದಲ್ಲಿ ಮಲಗುತ್ತಿದ್ದರು. ನಾನು ಕೇಳಿದ್ದು ಕವಚದ ಬಗ್ಗೆ. ಹಡಗಿನ ನಡುಭಾಗಕ್ಕೆ ನಾಲ್ಕೂವರೆ ಇಂಚು ದಪ್ಪದ ಮೆದುಕಬ್ಬಿಣದ ಫಲಕಗಳು. ಒಂದರ ಅಂಚಿನ ನಾಲಿಗೆ ಇನ್ನೊಂದರ ತೋಡಿನೊಳಗೆ ಕೂರುವ ಹಾಗೆ, ನಮ್ಮ ಬಡಗಿಗಳು ಹಲಗೆ ಜೋಡಿಸುವಂತೆಯೇ ಜೋಡಿಸಿದ್ದಾರೆ. ಅವುಗಳ ಹಿಂದೆ ಅಡಿಗೂ ಮೀರಿದ ದಪ್ಪದ ಸಾಗುವಾನಿ. ಗುಂಡಿನ ಪೆಟ್ಟನ್ನು ಕಬ್ಬಿಣ ತಡೆದರೆ, ಅದರ ನಡುಕವನ್ನು ಮರ ನುಂಗಬೇಕು. "ನಿಮ್ಮ ಕಡೆಯ ಮರ" ಎಂದು ಅವರು ಸೌಜನ್ಯದಿಂದ ಹೇಳಿದರು. ಅದು ಯಾವ ಕಾಡಿನದೋ. ಆದರೆ ಸಾಗುವಾನಿಯ ತೊಲೆಯಡಿಯಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ನನಗೆ ಅದನ್ನು ಮುಟ್ಟದಿರಲಾಗಲಿಲ್ಲ.

ಒಡಲನ್ನು 92 ಜಲಬಂಧ ಕೋಣೆಗಳಾಗಿ ವಿಭಾಗಿಸಿದ್ದಾರೆ. ಇಷ್ಟೆಲ್ಲ ಬಲವಿದ್ದ ಹಡಗು ಯುದ್ಧದಲ್ಲಿ ಒಮ್ಮೆಯೂ ಗುಂಡು ಹಾರಿಸಲಿಲ್ಲ. ತಾನೇ ತಂದ ಬದಲಾವಣೆಯ ವೇಗಕ್ಕೆ ಸಿಕ್ಕಿ ಹತ್ತೇ ವರ್ಷಗಳಲ್ಲಿ ಹಳೆಯದಾಯಿತು. 1920ರ ದಶಕದಲ್ಲಿ ಗುಜರಿಗೆ ಮಾರಲು ಹೊರಟರೂ ಕೊಳ್ಳುವವರಿರಲಿಲ್ಲ. 1929ರಿಂದ ಸುಮಾರು ಐವತ್ತು ವರ್ಷ ವೇಲ್ಸ್‌ನ ಪೆಂಬ್ರೋಕ್‌ನಲ್ಲಿ ತೈಲ ತುಂಬುವ ಹಡಗುಗಳಿಗೆ ತೇಲುಕಟ್ಟೆಯಾಗಿ ಬಿದ್ದಿತ್ತು. 1979ರಲ್ಲಿ ಹಾರ್ಟ್ಲ್‌ಪೂಲ್‌ಗೆ ಒಯ್ದು ಎಂಟು ವರ್ಷ ದುರಸ್ತಿ ಮಾಡಿ 1987ರಲ್ಲಿ ಇಲ್ಲಿಗೆ ತಂದರು. ಇಷ್ಟು ಅಲಕ್ಷ್ಯವನ್ನು ತಾಳಿಕೊಂಡ ಒಡಲನ್ನು ನೋಡಿದರೆ, ಆ ರಿವೆಟ್ ಬಡಿದವರ ಕೈಗಳಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡವೆನಿಸಿತು.

ಮಧ್ಯಾಹ್ನ ಬಂದರಿನ ಬಳಿ ಹಿಟ್ಟಿನಲ್ಲಿ ಕರಿದ ಮೀನು, ಆಲೂಗಡ್ಡೆ. ಮೀನು ತಾಜಾ ಇತ್ತು. ಖಾರಕ್ಕೆಂದು ಅಕ್ಕನ ಮಗ ಚೀಲದಲ್ಲಿ ಚಟ್ನಿಪುಡಿ ತಂದಿದ್ದ. ಊಟದ ನಂತರ ಅವನು ಮತ್ತೊಮ್ಮೆ ಒಳಗೆ ಹೋಗೋಣವೆಂದ. ಬಾಯ್ಲರ್ ಕೋಣೆಯ ಪಕ್ಕದಲ್ಲಿ, ಒಳಮೈಯ ರಿವೆಟ್ ತಲೆಗಳನ್ನು ಬೆರಳಿಟ್ಟು ಎಣಿಸುತ್ತ ಹೋದ. ಎಲ್ಲವೂ ಒಂದೇ ಅಳತೆಯವೆಂದು ದೂರದಿಂದ ಕಂಡರೂ ಹತ್ತಿರದಲ್ಲಿ ಒಂದೊಂದರ ಮೇಲೂ ಸುತ್ತಿಗೆಯ ಗುರುತು ಬೇರೆ ಬೇರೆ. ಮುಚ್ಚುವ ಹೊತ್ತಾಯಿತೆಂದು ಸಿಬ್ಬಂದಿ ಕರೆದಾಗ ಅವನು ಇನ್ನೂರನ್ನು ದಾಟಿದ್ದ.

ರಾತ್ರಿ ವಾಟರ್ಲೂದಲ್ಲಿ ಇಳಿದು ಜುಬಿಲಿ ಮಾರ್ಗದ ರೈಲು ಹತ್ತಿದೆವು. ನಾವು ಬದಲಿಸಬೇಕಿದ್ದ ವೆಸ್ಟ್ ಹ್ಯಾಮ್‌ಗಿಂತ ಒಂದು ನಿಲ್ದಾಣ ಮೊದಲು, ಕ್ಯಾನಿಂಗ್ ಟೌನ್‌ನಲ್ಲಿ ಬಾಗಿಲು ತೆರೆಯಿತು. ಅವನು ನನ್ನ ಮುಖ ನೋಡಿದ. "ಇಳಿಯೋಣವೇ, ಚಿಕ್ಕಮ್ಮ?" ಮೊಣಕಾಲು ನೋಯುತ್ತಿತ್ತು, ಆದರೂ ಇಳಿದೆವು. ಜನ ಕಡಿಮೆಯಾಗಿದ್ದ ಆ ಹೊತ್ತಿನಲ್ಲಿ ಅವನು ಗೋಡೆಯ ಮುಂದೆ ನಿಂತು, ಮೊದಲ ಸಾಲಿನಿಂದ ಎಲ್ಲವನ್ನೂ ನಿಧಾನವಾಗಿ ಓದತೊಡಗಿದ.